ರೋಟರಿ ಗಾಡಿ ಇದ್ದವರೇ, "ಸೀಲ್ ಹೋಗಿದೆ" ಅಂದ ಕೂಡಲೇ ಇಂಜಿನ್ ಬಿಚ್ಚಿಸಬೇಡಿ

ಬೆಂಗಳೂರಿನಲ್ಲಿ ಮಾಜ್ದಾದ ರೋಟರಿ ಇಂಜಿನ್ ಕಾರುಗಳಾದ ಆರ್‌ಎಕ್ಸ್-8, ಆರ್‌ಎಕ್ಸ್-7 ಇಟ್ಟುಕೊಂಡವರು ಬೆರಳೆಣಿಕೆಯಷ್ಟು ಜನ. ಮಾಜ್ದಾ ಶೋರೂಮ್ ನಮ್ಮ ದೇಶದಲ್ಲೇ ಇಲ್ಲ. ಗಾಡಿ ನಿಂತರೆ "ರೋಟರಿ ನಮಗೆ ಗೊತ್ತು ಸಾರ್" ಅನ್ನುವವರ ಹತ್ತಿರವೇ ಹೋಗಬೇಕು, ಅವರು ಹೇಳಿದ್ದೇ ವೇದವಾಕ್ಯ. ಅಂಥ ಒಂದು ಗ್ಯಾರೇಜಿನಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ನಾಚಿಕೆಯೂ ಆಗುತ್ತಿದೆ, ಸಿಟ್ಟೂ ಇಳಿದಿಲ್ಲ, ಆದರೂ ಬರೆಯಲೇಬೇಕು.

ಗಾಡಿ ಆರ್‌ಎಕ್ಸ್-8. ಅಪಾರ್ಟ್‌ಮೆಂಟಿಗೆ ನೀರಿನ ಟ್ಯಾಂಕರ್ ಬಂದಾಗ ದಾರಿ ಬಿಡಲು ಗಾಡಿ ನಾಲ್ಕು ಮಾರು ಸರಿಸಿ ಆಫ್ ಮಾಡಲಾಯಿತು. ಆಮೇಲೆ ಸ್ಟಾರ್ಟ್ ಆಗಲಿಲ್ಲ. ಈ ಇಂಜಿನ್ ಫ್ಲಡ್ ಆಗುವುದೇ (ಒಳಗೆ ಪೆಟ್ರೋಲ್ ತುಂಬಿ ಸ್ಟಾರ್ಟ್ ಆಗದೆ ಹೋಗುವುದೇ) ಹೀಗೆ: ಪಾರ್ಕಿಂಗಿನಲ್ಲಿ ಸರಿಸಿದಾಗ, ಮೂಲೆಯ ಅಂಗಡಿಗೆ ಹೋಗಿ ಬಂದಾಗ, ಸಿಗ್ನಲ್ ದಾಟುವ ಮೊದಲೇ ಆಫ್ ಆದಾಗ.

ತಣ್ಣಗಿರುವ ಇಂಜಿನ್ನಿಗೆ ಇಸಿಯು (ಗಾಡಿಯ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಎಲ್ಲ ಗಾಡಿಯಲ್ಲೂ ಅಷ್ಟೇ. ಆದರೆ ಇಲ್ಲಿ ಪಿಸ್ಟನ್ನೂ ಇಲ್ಲ, ರಿಂಗೂ ಇಲ್ಲ. ಮೂರು ಮುಖದ ರೋಟರ್, ಅದರ ಮೂರು ತುದಿಗೂ ಒತ್ತಡ ಸೋರದಂತೆ ತಡೆಯುವ ಅಪೆಕ್ಸ್ ಸೀಲ್. ಸೀಲಿಗೂ ಹೌಸಿಂಗಿಗೂ (ರೋಟರ್ ತಿರುಗುವ ಗೂಡಿಗೂ) ನಡುವಿನ ತೆಳು ಆಯಿಲ್ ಪದರ ಇದ್ದರೇ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ನಿಲ್ಲುವುದು. ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಉರಿಯದೆ ಉಳಿದ ಪೆಟ್ರೋಲ್ ಆ ಆಯಿಲನ್ನು ತೊಳೆದುಬಿಡುತ್ತದೆ. ಪ್ಲಗ್ ಒದ್ದೆ, ಕಂಪ್ರೆಷನ್ ಇಲ್ಲ. ಸೆಲ್ಫ್ ಹೊಡೆದಷ್ಟೂ ಇನ್ನಷ್ಟು ಪೆಟ್ರೋಲ್ ಒಳಗೆ. ಅಂದರೆ ಫ್ಲಡ್ ಆದ ಒಳ್ಳೆಯ ಇಂಜಿನ್ನನ್ನು ಅದೇ ಸ್ಥಿತಿಯಲ್ಲಿ ಅಳೆದರೆ ಸತ್ತ ಇಂಜಿನ್ನಿನ ಹಾಗೇ ಕಾಣುತ್ತದೆ. ಇದು ಗೊತ್ತಿಲ್ಲದವನು ಗ್ರಾಹಕನಿಗೆ ಏನು ಹೇಳುತ್ತಾನೆ? "ಸೀಲ್ ಹೋಗಿದೆ."

ಅದನ್ನೇ ಹೇಳಿದರು. ಟೋಯಿಂಗ್‌ನಿಂದ ಇಳಿಸಿದ್ದೇ ತಡ, ಬ್ಯಾಟರಿ ಕುಸಿಯುವ ತನಕ ಸೆಲ್ಫ್ ಹೊಡೆದರು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹೊಡೆದರೆ ಇಂಜೆಕ್ಟರ್ ಬಂದ್ ಆಗುತ್ತದೆ ಅನ್ನುವ ಮೊದಲ ಪಾಠವೂ ಗೊತ್ತಿಲ್ಲ. ಆಮೇಲೆ ಮಾರುತಿ, ಹ್ಯುಂಡೈಗೆ ಹಾಕುವ ಮಾಮೂಲಿ ಕಂಪ್ರೆಷನ್ ಗೇಜ್ ಹಾಕಿ ಫೋನ್ ಮಾಡಿದರು. "ಎರಡೂ ರೋಟರ್ ಜೀರೋ ಸಾರ್. ಇಂಜಿನ್ ಇಳಿಸಬೇಕು. ಮೂರುವರೆ ಲಕ್ಷ ಆಗಬಹುದು, ಸದ್ಯಕ್ಕೆ ನಲವತ್ತು ಸಾವಿರ ಹಾಕಿ." ಹಾಕಿದ್ದಾಯಿತು.

ಬಣ್ಣ ಬಯಲಾದದ್ದು ಆಮೇಲೆ. ಪ್ರತಿ ರೋಟರಿನ ಮೂರೂ ಮುಖದ ರೀಡಿಂಗ್ ಕಳಿಸಿ ಅಂತ ಕೇಳಿದ್ದಕ್ಕೆ ಬಂದ ಉತ್ತರ: "ಮೂರು ಎಲ್ಲಿಂದ ಬರುತ್ತೆ ಸಾರ್? ಎರಡೇ ರೋಟರ್ ಅಲ್ವಾ?"

ಮತ್ತೊಮ್ಮೆ ಓದಿ. ಇಂಜಿನ್ ಬಿಚ್ಚುತ್ತೇನೆ ಅಂತ ದುಡ್ಡು ತೆಗೆದುಕೊಂಡವರಿಗೆ ರೋಟರಿಗೆ ಮೂರು ಮುಖ ಇದೆ ಅನ್ನುವುದೇ ಗೊತ್ತಿಲ್ಲ! ಎರಡು ರೋಟರ್, ಆರು ಮುಖ, ಆರು ರೀಡಿಂಗ್. ಅದಕ್ಕೆ ಬೇರೆಯೇ ಟೆಸ್ಟರ್ ಇದೆ. ಮಾಮೂಲಿ ಗೇಜ್ ಮೂರು ಮುಖದಲ್ಲಿ ಜಾಸ್ತಿ ಇರುವ ಒಂದನ್ನಷ್ಟೇ ಹಿಡಿದು ತೋರಿಸುತ್ತದೆ.

ದುಡ್ಡು ವಾಪಸ್ ಕೇಳಿದರೆ, "ಲೇಬರ್ ಆಗಿದೆ." ಯಾವ ಲೇಬರ್? "ಚೆಕ್ ಮಾಡಿದ್ದು." ಫ್ಲಡ್ ಆಗಿರಬಹುದಲ್ಲ ಅಂದರೆ, "ಈ ಇಂಜಿನ್ನೇ ಹಂಗೆ ಸಾರ್, ಮಾರಿಬಿಡಿ, ಪಾರ್ಟಿ ನಾವೇ ಕೊಡ್ತೀವಿ." ಸತ್ತ ಇಂಜಿನ್ ಅಂತ ನಂಬಿಸಿ, ಅದೇ ಗಾಡಿಗೆ ಪಾರ್ಟಿಯೂ ಅವರದೇ. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಇಂಜಿನ್ ಇಳಿಸುವ ಮೊದಲೇ ಗಾಡಿ ವಾಪಸ್ ಬಂತು. ಕೆಳಗಿನ ಕ್ರಮದಲ್ಲೇ ಸ್ಟಾರ್ಟ್ ಆಯಿತು.

ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು. ಸೆಲ್ಫ್ ನಿಧಾನ ತಿರುಗಿದರೆ ಈ ಇಂಜಿನ್ ಹಿಡಿಯುವುದೇ ಇಲ್ಲ. ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆಯಿರಿ. ಎಡಗಡೆ ಮುಂದಿನ ಚಕ್ರ ಬಿಚ್ಚಿದರೆ ಪ್ಲಗ್‌ಗಳು ಕೈಗೆ ಸಿಗುತ್ತವೆ. ನಾಲ್ಕಿವೆ: ಕೆಳಗಿನೆರಡು ಲೀಡಿಂಗ್, ಮೇಲಿನೆರಡು ಟ್ರೇಲಿಂಗ್. ಎನ್‌ಜಿಕೆಯಲ್ಲಿ ಲೀಡಿಂಗಿಗೆ ಆರ್‌ಇ7ಎ-ಎಲ್, ಟ್ರೇಲಿಂಗಿಗೆ ಆರ್‌ಇ9ಬಿ-ಟಿ. ಅದಲು ಬದಲು ಮಾಡಬೇಡಿ (ಆ ಗ್ಯಾರೇಜ್ ಮಾಡಿಟ್ಟಿತ್ತು, ಬಿಚ್ಚಿದಾಗ ಕಂಡಿತು). ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ (ಪ್ಲಗ್ಗಿಗೆ ಕರೆಂಟ್ ಕೊಡುವುದು) ಕನೆಕ್ಟರ್ ತೆಗೆದಿಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಹತ್ತು ಸೆಕೆಂಡಿನಂತೆ ಸೆಲ್ಫ್ ಹೊಡೆಯಿರಿ. ನಡುವೆ ಬಿಡುವು ಕೊಡಿ, ಇಲ್ಲವಾದರೆ ಸೆಲ್ಫ್ ಮೋಟಾರ್ ಸುಡುತ್ತದೆ. ಪ್ಲಗ್ ತೂತಿನಿಂದ ಪೆಟ್ರೋಲ್ ಹೊಗೆಯ ಹಾಗೆ ಚಿಮ್ಮುತ್ತದೆ. ಬಯಲಲ್ಲೇ ಮಾಡಿ, ಹತ್ತಿರ ಬೆಂಕಿ, ಬೀಡಿ, ಸಿಗರೇಟ್ ಸುಳಿಯಲೇಬಾರದು.

ಚಿಮ್ಮುವುದು ನಿಂತ ಮೇಲೆ ಪ್ರತಿ ರೋಟರಿಗೆ ಕೆಳಗಿನ ತೂತಿನಿಂದ 5ರಿಂದ 10 ಮಿಲಿ ಟೂ-ಸ್ಟ್ರೋಕ್ ಆಯಿಲ್ ಬಿಟ್ಟು ಸ್ವಲ್ಪ ತಿರುಗಿಸಿ. ತೊಳೆದುಹೋದ ಪದರ ಮತ್ತೆ ಕೂರುತ್ತದೆ, ಕಂಪ್ರೆಷನ್ ಬರುತ್ತದೆ. ಒಣಗಿದ ಪ್ಲಗ್, ಆಗದಿದ್ದರೆ ಹೊಸ ಪ್ಲಗ್ ಹಾಕಿ, ಕಾಯಿಲ್, ಫ್ಯೂಸ್ ಕೂರಿಸಿ ಸ್ಟಾರ್ಟ್ ಮಾಡಿ. ದಟ್ಟ ಹೊಗೆ ಬರುತ್ತದೆ, ಹೆದರಬೇಡಿ, ಆಯಿಲ್ ಉರಿದು ಮುಗಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಇಂಜಿನ್ ಆಯಿಲ್ ಬದಲಿಸಿ. ತಳ್ಳಿ ಸ್ಟಾರ್ಟ್ ಮಾಡಿಸುವುದಂತೂ ಬೇಡ, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನೂ ಹಾಳು ಮಾಡುತ್ತದೆ. ಮತ್ತೆ ಮತ್ತೆ ಫ್ಲಡ್ ಆದರೆ ಕಾಯಿಲ್ ನೋಡಿಸಿ. ಆರ್‌ಎಕ್ಸ್-8ರಲ್ಲಿ ಕಾಯಿಲ್ ಸೋಲುವುದು ಬಹಳ.

ಇಷ್ಟಾದ ಮೇಲೆ, ಇಂಜಿನ್ ಬಿಸಿ ಮಾಡಿ ಕಂಪ್ರೆಷನ್ ಅಳೆಸಿ. ಮೊದಲು ಅಲ್ಲ! 250 ಆರ್‌ಪಿಎಂನಲ್ಲಿ ಚದರ ಸೆಂಟಿಮೀಟರಿಗೆ ಕನಿಷ್ಠ 6.9 ಕೆಜಿ ಇರಬೇಕು, ಹೊಸದರಲ್ಲಿ 8.5. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿನ ರೀಡಿಂಗ್ ಹೆಚ್ಚುಕಡಿಮೆ ಹತ್ತು ಪರ್ಸೆಂಟ್ ಕಡಿಮೆಯೇ ಬರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಹೆದರಿಸುವವರೂ ಇದ್ದಾರೆ. ಸರಿಯಾದ ಟೆಸ್ಟರ್ ಇಲ್ಲದಿದ್ದರೆ ಮಾಮೂಲಿ ಗೇಜಿನ ವಾಲ್ವ್ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. ಮುಳ್ಳು ಮೂರು ಸಲ ಒಂದೇ ಸಮ ಕುಣಿದರೆ ಮೂರೂ ಮುಖ ಸಮ ಇವೆ ಎಂದರ್ಥ. ಒಂದು ಕುಣಿತ ತಪ್ಪಿದರೆ ಆಗ ಸೀಲಿನ ಮಾತು ಆಡಲಿ.

ಇನ್ನು ಟ್ಯಾಂಕರಿಗೋ ಪಕ್ಕದ ಮನೆಯವರಿಗೋ ಗಾಡಿ ಸರಿಸಬೇಕಾದರೆ, ಒಂದೋ ನ್ಯೂಟ್ರಲ್‌ನಲ್ಲಿ ತಳ್ಳಿಸಿ, ಇಲ್ಲವೇ ಸ್ಟಾರ್ಟ್ ಮಾಡಿದರೆ ಬೇಸ್‌ಮೆಂಟಿನಿಂದ ಹೊರಗೆ ತಂದು ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬರುವ ತನಕ ಓಡಲಿ. ಮುಚ್ಚಿದ ಬೇಸ್‌ಮೆಂಟಿನಲ್ಲಿ ಓಡಿಸಿಟ್ಟು ಕೂರಬೇಡಿ, ಹೊಗೆ ಪ್ರಾಣಕ್ಕೆ ಕುತ್ತು. ಆಫ್ ಮಾಡಲೇಬೇಕಾದರೆ 3,000 ಆರ್‌ಪಿಎಂನಲ್ಲಿ ಹತ್ತು ಸೆಕೆಂಡ್ ಹಿಡಿದು ಬಿಟ್ಟು ಆಫ್ ಮಾಡಿ. ಒಳಗೆ ಉಳಿದದ್ದು ಬಹುಪಾಲು ಉರಿದುಹೋಗುತ್ತದೆ.

ನಿಮ್ಮ ಗಾಡಿ ಈಗಲೇ ಯಾವುದಾದರೂ ಗ್ಯಾರೇಜಿನಲ್ಲಿ "ಸೀಲ್ ಹೋಗಿದೆ" ಅಂತ ನಿಂತಿದ್ದರೆ ಇವತ್ತೇ ಫೋನ್ ಮಾಡಿ ಆರು ರೀಡಿಂಗ್ ಕೇಳಿ. ಕೊಡದಿದ್ದರೆ ಗಾಡಿ ಎತ್ತಿಸಿಕೊಂಡು ಬನ್ನಿ, ಅಡ್ವಾನ್ಸ್ ಹೋದರೂ ಹೋಗಲಿ. ಇಂಜಿನ್ ಬಿಚ್ಚಿದ ಮೇಲೆ ಓರಿಂಗು, ಸೀಲು ಎಲ್ಲ ಹೊರದೇಶದಿಂದಲೇ ತರಿಸಬೇಕು, ಮೊದಲು ಅದು ಸರಿಯಿತ್ತು ಅಂತ ಸಾಬೀತು ಮಾಡಲು ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.