ಚರ್ಚಾ ಬಳಗದಲ್ಲಿ ಧರ್ಮದ ವಾದ: ಪೂರ್ತಿ ನಿಲ್ಲಿಸಬೇಕಾ, ಒಂದು ದಿನ ಕೊಡಬೇಕಾ?

ಬಸವನಗುಡಿಯಲ್ಲೋ ಕಬ್ಬನ್ ಪಾರ್ಕಿನಲ್ಲೋ ಸೇರುವ ಬಳಗ ನಡೆಸುತ್ತಿದ್ದೀರಾ? ದೇವರು ಇದ್ದಾನಾ, ಯಾವ ಮತ ಮೇಲು ಎಂಬ ವಾದ ಪ್ರತಿ ಸಲ ಏಳುತ್ತಿದೆಯಾ?

ವಿಷಯವನ್ನೇ ನಿಷೇಧಿಸುವುದು ಸುಲಭ. ಕೆರೆ, ಕಸ, ಟ್ರಾಫಿಕ್ ಬಗ್ಗೆ ಸೇರುವವರಿಗೆ ಅದೇ ಸರಿ. ಸಾಹಿತ್ಯದ ಬಳಗಕ್ಕೆ ಆಗುವುದಿಲ್ಲ. 12ನೇ ಶತಮಾನದ ವಚನಗಳನ್ನು, ಕನಕದಾಸರನ್ನು, ಶಿಶುನಾಳ ಶರೀಫರನ್ನು ಧರ್ಮದ ಮಾತಿಲ್ಲದೆ ಓದುವುದು ಹೇಗೆ, ಅಲ್ವಾ?

ತಿಂಗಳಿಗೊಂದು ದಿನ ಅದಕ್ಕೇ ಬಿಟ್ಟುಕೊಟ್ಟರೆ ಯಾರ ಬಾಯಿಯನ್ನೂ ಮುಚ್ಚಿಸಿದಂತಾಗುವುದಿಲ್ಲ. ಬೇರೆ ದಿನ ಯಾರಾದರೂ ಶುರುಮಾಡಿದರೆ "ಆ ದಿನಕ್ಕೆ ಇಟ್ಟುಕೊಳ್ಳಿ" ಅಂದರೆ ಸಾಕು. ಆದರೆ ನಿಯಮ ಬೇಕು. ನಮ್ಮ ಹಳೆಯ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ ಅಂತ ಇದೆ: ಮೊದಲು ಎದುರಾಳಿಯ ವಾದ ಹೇಳಬೇಕು, ಆಮೇಲೆ ಖಂಡನೆ. ಅದ್ವೈತ, ವಿಶಿಷ್ಟಾದ್ವೈತ, ದ್ವೈತದ ಪಂಡಿತರು ಬರೆದದ್ದು ಹೀಗೇ. "ಹೌದು, ನಾನು ಹೇಳಿದ್ದು ಅದೇ" ಎಂದು ಎದುರಿನವರು ಒಪ್ಪುವ ತನಕ ಉತ್ತರ ಕೊಡುವಂತಿಲ್ಲ ಎಂದು ಮಾಡಿ. ಸುಮ್ನೆ ಕೂಗಾಡುವುದು ಕಡಿಮೆಯಾಗುತ್ತದೆ. ಆಗಿಹೋದ ವಾದಗಳನ್ನು ಬರೆದಿಡಿ; ಹೊಸದೇನಾದರೂ ಇದ್ದರೆ ಮಾತ್ರ ಮುಂದುವರಿಸಿ.

ನನ್ನ ಒಲವು ಇದಕ್ಕೇ ಜಾಸ್ತಿ. ಆದರೆ ಆ ದಿನ ನಡೆಸಲು ತಾಳ್ಮೆಯ, ಗಟ್ಟಿ ಮನಸ್ಸಿನ ಒಬ್ಬರು ಬೇಕೇ ಬೇಕು. ಅಂಥವರು ಸಿಗುವ ತನಕ ನಿಷೇಧವೇ ಇರಲಿ. ಯಾರದೇ ಜಾತಿ, ನಂಬಿಕೆ ಹಿಡಿದು ಹೀಯಾಳಿಸಿದವರನ್ನು ಮಾತ್ರ ಅವತ್ತೇ ಹೊರಗೆ ಕಳಿಸಿ.