"ಸರ್ ನಿಮ್ಮ ತೂಕ ಎಷ್ಟು?" ಅಂತ ದುಡ್ಡು ಕೊಡುವ ಮೊದಲು ಕೇಳದ ಅಂಗಡಿಯಲ್ಲಿ ಎಲೆಕ್ಟ್ರಿಕ್ ಸೈಕಲ್ ತಗೊಳ್ಳಬೇಡಿ

ನೂರು ಕಿಲೋ ದಾಟಿದವರು ಯಾರಾದರೂ ಎಲೆಕ್ಟ್ರಿಕ್ ಸೈಕಲ್ ತಗೊಳ್ಳೋಣ ಅಂತಿದ್ದರೆ ಮೊದಲು ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ. ನಾನು ಶಿರಸಿಯವ. ತೂಕ 114 ಕೆ.ಜಿ. ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವ ಕೆಲಸ, ನಮ್ಮ ಕಾಟಾದ ಮೇಲೇ ನಿಂತು ನೋಡಿದ್ದು, ಹಾಗಾಗಿ ತೂಕದಲ್ಲಿ ಹೆಚ್ಚುಕಡಿಮೆ ಇಲ್ಲ. ₹38,000 ಕೊಟ್ಟು ತಂದ ಸೈಕಲ್ ಈಗ ಹಿಂದಿನ ಚಕ್ರ ಇಲ್ಲದೆ ಕೊಟ್ಟಿಗೆಯಲ್ಲಿ ನಿಂತಿದೆ. ಚಕ್ರ ಹುಬ್ಬಳ್ಳಿಯಲ್ಲಿದೆ. ಯಾವಾಗ ಬರುತ್ತದೆ ಅಂತ ಕೇಳಿದರೆ "ಕಂಪನಿಗೆ ಕಳಿಸೇವ್ರೀ" ಅನ್ನುತ್ತಾರೆ. ಯಾವ ಕಂಪನಿಯೋ, ಎಲ್ಲಿದೆಯೋ.

ಅಂಗಡಿಯ ಹೆಸರು ಹಾಕುವುದಿಲ್ಲ. ದೂರು ಕೊಟ್ಟಾಗಿದೆ, ಅದು ಮುಗಿಯಲಿ.

ಡಾಕ್ಟರು ಶುಗರ್ ನೋಡಿ "ದಿನಾ ಸ್ವಲ್ಪ ಸೈಕಲ್ ತುಳಿಯಿರಿ" ಅಂದಿದ್ದರು. ಮನೆ ಇರುವುದು ಹುಲೇಕಲ್ ರಸ್ತೆಯ ಕಡೆ ಸ್ವಲ್ಪ ಒಳಗೆ. ನಮ್ಮ ಕಡೆ ರಸ್ತೆ ಹೇಗಿರುತ್ತದೆ ಅಂತ ಘಟ್ಟದ ಮೇಲಿನವರಿಗೆ ಹೇಳಬೇಕಾಗಿಲ್ಲ, ಒಂದು ಇಳಿಜಾರು ಮುಗಿಯಿತು ಅನ್ನುವಷ್ಟರಲ್ಲಿ ಒಂದು ಏರು. ಮಂಡಿ ನೋವು ಬೇರೆ. ಬರೀ ಸೈಕಲ್ ಆಗುವುದಿಲ್ಲ, ಮೋಟಾರು ಇರುವ ಸೈಕಲ್ ಆದರೆ ಏರಿಗೆ ಮೋಟಾರು, ಸಪಾಟಿಗೆ ಕಾಲು ಅಂತ ಲೆಕ್ಕ ಹಾಕಿದೆ. 250 ವಾಟ್ ಒಳಗಿನ ಮೋಟಾರು, 25 ಕಿ.ಮೀ. ಒಳಗಿನ ವೇಗ ಇದ್ದರೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಅದೂ ಒಂದು ಅನುಕೂಲ. ಶಿರಸಿಯಲ್ಲಿ ನನಗೆ ಬೇಕಾದ್ದು ಸಿಗಲಿಲ್ಲ. ಹುಬ್ಬಳ್ಳಿಗೆ ಹೋದೆ.

ಶೋರೂಮ್ ದೊಡ್ಡದು. ಎಸಿ, ಗಾಜು, ಒಳಗೆ ಹೋದ ಕೂಡಲೇ ನೀರಿನ ಬಾಟಲಿ. ನಾನು ಮೊದಲು ಕೇಳಿದ್ದೇ ತೂಕದ ವಿಷಯ. ಇದನ್ನು ಎರಡು ಸಲ ಹೇಳುತ್ತೇನೆ, ಯಾಕೆಂದರೆ ಆಮೇಲೆ ಅವರು "ನೀವ್ ಹೇಳೇ ಇಲ್ರೀ" ಅಂದರು. ನಾನು ಮೊದಲು ಕೇಳಿದ್ದೇ ತೂಕದ ವಿಷಯ.

"ನೋಡಿ, ನಾನು ಸ್ವಲ್ಪ ದಪ್ಪ ಇದ್ದೇನೆ. ಇದು ತಡೆಯುತ್ತಾ?"

"ಏ ಬಿಡ್ರೀ ಸರ್! 150 ಕೆಜಿ ಲೋಡ್ ಐತ್ರೀ ಇದಕ್ಕ. ನಿಮ್ ಮನಿಯಾರ್ನೂ ಹಿಂದ ಕುಂದ್ರಿಸ್ಕೊಂಡ್ ಹೋಗ್ರಿ, ಏನೂ ಆಗಂಗಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಎಷ್ಟು ಕೆಜಿ ಅಂತ ಆ ಹುಡುಗ ಒಂದು ಸಲ ಕೂಡ ಕೇಳಲಿಲ್ಲ. ಮೇಲಿಂದ ಕೆಳಗೆ ನೋಡಿದ, ಅಷ್ಟೇ. ಶೋರೂಮಿನ ಎದುರಿನ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿದ. ಸುಯ್ ಅಂತ ಹೋಯ್ತು. ಸಪಾಟು ರಸ್ತೆಯಲ್ಲಿ ಯಾವ ಸೈಕಲ್ ಹೋಗುವುದಿಲ್ಲ ಹೇಳಿ?

ಮನೆಗೆ ತಂದು ಮೊದಲ ದೊಡ್ಡ ಏರಿನಲ್ಲೇ ಅದರ ಗುಣ ಗೊತ್ತಾಯ್ತು. ಅರ್ಧ ಏರು ಹತ್ತುವಷ್ಟರಲ್ಲಿ ಬ್ಯಾಟರಿ ಮೀಟರಿನ ನಾಲ್ಕು ಕಡ್ಡಿ ಒಂದಕ್ಕೆ ಇಳಿಯಿತು. ಮೇಲೆ ಹತ್ತಿ ನಿಂತು ಉಸಿರು ಬಿಡುವಾಗ ನೋಡಿದರೆ ಮತ್ತೆ ಮೂರು ಕಡ್ಡಿ! ಮೀಟರ್ ಹಾಳಾಗಿದೆ ಅಂದುಕೊಂಡೆ. ಹಾಳಾಗಿಲ್ಲವಂತೆ. ಭಾರ ಬಿದ್ದಾಗ ಮೋಟಾರು ಜಾಸ್ತಿ ಕರೆಂಟ್ ಎಳೆಯುತ್ತದೆ, ಆಗ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಭಾರ ಇಳಿದ ಮೇಲೆ ಏಳುತ್ತದೆ. ಆ ಸಣ್ಣ ಬ್ಯಾಟರಿಗೆ ನನ್ನ ಏರು ಜಾಸ್ತಿಯಾಯಿತು ಅಂತ ಅರ್ಥ.

ಆಮೇಲೆ ಕೂತು ಲೆಕ್ಕ ಹಾಕಿದೆ. ಲೆಕ್ಕ ನನ್ನ ಕಸುಬು. ನಾನು 114, ಸೈಕಲ್ 26, ಒಟ್ಟು 140 ಕೆಜಿ. ನೂರು ಮೀಟರಿಗೆ ಆರು ಮೀಟರ್ ಏಳುವ ರಸ್ತೆಯಲ್ಲಿ, ನಾವು ತುಳಿಯದೆ ಬರೀ 250 ವಾಟ್ ಮೋಟಾರನ್ನು ನಂಬಿದರೆ ಗಂಟೆಗೆ 10 ಕಿ.ಮೀ. ವೇಗ ಬಂದರೆ ಹೆಚ್ಚು. ಚಕ್ರದೊಳಗೇ ಕೂರುವ ಹಬ್ ಮೋಟಾರು ನಿಧಾನ ತಿರುಗಿದಷ್ಟೂ ಕರೆಂಟು ಬಿಸಿಯಾಗಿಯೇ ಹೋಗುತ್ತದೆ. ಅಂಥ ಒಂದು ಕಿ.ಮೀ. ಏರಿಗೆ ಹತ್ತಿರ ಹತ್ತಿರ 30 ವಾಟ್ ಅವರ್ ಬೇಕು. ನನ್ನ ಬ್ಯಾಟರಿ 36 ವೋಲ್ಟ್, 7.8 ಆಂಪಿಯರ್ ಅವರ್. ಗುಣಿಸಿ ನೋಡಿ, 280 ವಾಟ್ ಅವರ್. ಒಂದೇ ಕಿಲೋಮೀಟರ್ ಏರಿಗೆ ಹತ್ತರಲ್ಲಿ ಒಂದು ಪಾಲು ಖಾಲಿ! ಬೋರ್ಡಿನ ಮೇಲೆ ಮಾತ್ರ "40 ಕಿ.ಮೀ. ಮೈಲೇಜ್". ಅದು ಸಪಾಟಿನಲ್ಲಿ, ತೆಳ್ಳಗಿನವರು, ತಾವೂ ತುಳಿದುಕೊಂಡು ಹೋದರೆ ಇರಬಹುದು.

ಸರಿ, ಇದನ್ನೂ ಸಹಿಸಿಕೊಂಡೆ. ಏರಿನಲ್ಲಿ ನಾನೂ ತುಳಿದೆ. ಡಾಕ್ಟರು ಹೇಳಿದ್ದು ಅದೇ ಅಲ್ವಾ.

ಒಂದು ತಿಂಗಳೂ ಆಗಿರಲಿಲ್ಲ. ಬೆಳಿಗ್ಗೆ ವಖಾರಿಗೆ ಹೋಗುವಾಗ ಹಿಂದಿನಿಂದ "ಟಣ್" ಅಂತ ಶಬ್ದ. ಕಲ್ಲು ಸಿಡಿಯಿತು ಅಂದುಕೊಂಡೆ. ಸ್ವಲ್ಪ ಮುಂದೆ ಹೋದ ಮೇಲೆ ಮತ್ತೊಂದು "ಟಣ್". ಆಮೇಲೆ ಹಿಂದಿನ ಚಕ್ರ ಎಡಕ್ಕೂ ಬಲಕ್ಕೂ ಓಲಾಡಿ ಬ್ರೇಕಿಗೆ ಉಜ್ಜತೊಡಗಿತು. ಇಳಿದು ನೋಡಿದರೆ ಚಕ್ರದ ಎರಡು ಕಡ್ಡಿ, ಅಂದರೆ ಸ್ಪೋಕ್, ಮುರಿದಿವೆ. ಎರಡೂ ಚಕ್ರದ ನಡುವಿನ ಹಬ್ಬಿನ ಹತ್ತಿರ ಬಗ್ಗಿದ ಜಾಗದಲ್ಲೇ, ಕತ್ತರಿಸಿದ ಹಾಗೆ. ಮುರಿದ ಜಾಗ ಹೊಳೆಯುತ್ತಿತ್ತು. ತುಕ್ಕು ಗಿಕ್ಕು ಏನೂ ಇಲ್ಲ.

ಪೇಟೆಯ ಹಳೇ ಸೈಕಲ್ ಶಾಪಿಗೆ ದೂಡಿಕೊಂಡು ಹೋದೆ. ದಾರಿಯಲ್ಲಿ ಸಿಕ್ಕವರೆಲ್ಲ "ಏನು ಹೆಗಡೇರೆ, ಹೊಸ ಗಾಡಿ ನಡೆಸಿಕೊಂಡು ಹೋಗ್ತಾ ಇದ್ದೀರಿ?" ಶಾಪಿನ ಅಜ್ಜ ಕಡ್ಡಿ ಬೆರಳಲ್ಲಿ ಹಿಡಿದು ನೋಡಿದರು. "ಹೆಗಡೇರೆ, ಇದು 14 ಗೇಜು. ಮೋಟಾರು ಎಳೆಯೋದೂ ಹಿಂದಿನ ಚಕ್ರವೇ, ನಿಮ್ಮ ಭಾರ ಬೀಳೋದೂ ಹಿಂದಿನ ಚಕ್ರಕ್ಕೇ. ಈ ಕಡ್ಡಿ ಎಲ್ಲಿ ತಡೀತದೆ? ಒಂದು ಹೋದರೆ ಅದರ ಬಿಗಿ ಪಕ್ಕದ್ದರ ಮೇಲೆ ಬೀಳ್ತದೆ, ಅದೂ ಹೋಗ್ತದೆ." 14 ಗೇಜ್ ಅಂದರೆ 2 ಮಿ.ಮೀ. ದಪ್ಪ. 12 ಗೇಜ್ ಅಂದರೆ 2.6 ಮಿ.ಮೀ. ನಂಬರ್ ಕಡಿಮೆಯಾದಷ್ಟೂ ಕಡ್ಡಿ ದಪ್ಪ.

ಬೇರೆ ಕಡ್ಡಿ ಹಾಕಿ ಅಂದೆ. ಆಗುವುದಿಲ್ಲವಂತೆ. ಮೋಟಾರಿನ ಹಬ್ಬು ದೊಡ್ಡದು, ಹಾಗಾಗಿ ಕಡ್ಡಿ ಗಿಡ್ಡ. ಮಾಮೂಲಿ ಸೈಕಲ್ಲಿನ ಕಡ್ಡಿ ಯಾವುದೂ ಕೂರುವುದಿಲ್ಲ. ಅಂದರೆ ಎರಡು ಕಡ್ಡಿಗಾಗಿ ಹುಬ್ಬಳ್ಳಿಗೆ ಹೋಗಬೇಕು. "ಮೇಂಟೆನೆನ್ಸ್ ಫ್ರೀ ಸರ್" ಅಂದಿದ್ದರು. ಫ್ರೀ ಅಂತೆ!

ಫೋನ್ ಮಾಡಿದೆ. "ಸೈಕಲ್ ತಂದ್ಬಿಡ್ರಿ ಸರ್, ಹತ್ತ್ ನಿಮಿಷದ ಕೆಲಸ." ಹತ್ತು ನಿಮಿಷದ ಕೆಲಸಕ್ಕೆ ನೂರು ಕಿ.ಮೀ. ಬಸ್ಸಿಗೆ ಹಾಕಿ, ಲಗೇಜ್ ಟಿಕೆಟ್ ತೆಗೆಸಿ, ಕಂಡಕ್ಟರ್ ಹತ್ತಿರ ಬೈಸಿಕೊಂಡು ತಗೊಂಡು ಹೋದೆ.

ಈಗ ಬರುತ್ತದೆ ನೋಡಿ ಆ ಗಳಿಗೆ. ಸರ್ವಿಸ್ ಕೌಂಟರಿನಲ್ಲಿ ಒಬ್ಬ ಹುಡುಗ ವಾರಂಟಿ ಫಾರಂ ತುಂಬುತ್ತಿದ್ದ. ಹೆಸರು, ಫೋನ್ ನಂಬರ್, ಫ್ರೇಮ್ ನಂಬರ್. ಆಮೇಲೆ ತಲೆ ಎತ್ತದೇ ಕೇಳಿದ:

"ಸರ್, ರೈಡರ್ ವೇಟ್ ಎಷ್ಟ್ರೀ?"

ಫಾರಂನಲ್ಲಿ ಅದಕ್ಕೊಂದು ಕಾಲಂ ಇದೆ! ಮಾರುವಾಗ ತುಂಬಿದ ಕಾಗದದಲ್ಲಿ ಇರಲಿಲ್ಲ, ಬಿಲ್ಲಿನಲ್ಲಿ ಇರಲಿಲ್ಲ, ಇಎಂಐ ಬೇಕಾ ಅಂತ ಕೇಳಿದವನ ಬಾಯಲ್ಲಿ ಇರಲಿಲ್ಲ. ರಿಪೇರಿಗೆ ಬಂದಾಗ ಮಾತ್ರ ಇದೆ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನೂರಾ ಹದಿನಾಲ್ಕು ಅಂದೆ. ಪೆನ್ನು ನಿಂತಿತು. ಒಳಗೆ ತಿರುಗಿ ಕೂಗಿದ: "ಅಣ್ಣಾ, ನೂರಾ ಹದಿನಾಕಂತ!"

ಮಗನಿಗೆ ಸೈಕಲ್ ನೋಡುತ್ತಿದ್ದ ಒಬ್ಬ ಹೆಂಗಸು ತಿರುಗಿ ನೋಡಿದರು. ಆ ಹುಡುಗನೂ ನೋಡಿದ. ಎಸಿಯಲ್ಲೂ ಬೆವರು ಬಂತು ನನಗೆ.

ಒಳಗಿಂದ ಅಣ್ಣ ಬಂದ. ಅದೇ ಅಣ್ಣ, ನಕ್ಕವನು. ಮ್ಯಾನುವಲ್ ತೆಗೆದು ಕೊನೆಯ ಪುಟದ ಹತ್ತಿರ ಒಂದು ಸಾಲು ತೋರಿಸಿದ. ಗರಿಷ್ಠ ಭಾರ 110 ಕೆಜಿ, ಸವಾರ ಮತ್ತು ಸಾಮಾನು ಸೇರಿ.

"ಮತ್ತೆ 150 ಅಂದಿದ್ರಲ್ಲ?"

"ಅದು ಗಾಡಿ ಸೇರಿ ರೀ ಸರ್."

"ಗಾಡಿ 26, ಇದು 110. ಕೂಡಿಸಿದರೆ 136. ಉಳಿದ 14 ಎಲ್ಲಿ ಹೋಯ್ತು?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಅದು ಫ್ರೇಮ್ ಟೆಸ್ಟಿಂಗ್ ವೇಟ್ ರೀ" ಅಂದ. ಆಮೇಲೆ "ಸ್ಪೋಕ್ ಹ್ಯಾಂಗೂ ವಾರಂಟಿಯೊಳಗ ಬರಂಗಿಲ್ರೀ, ಟಯರ್, ಬ್ರೇಕ್ ಪ್ಯಾಡ್, ಸ್ಪೋಕ್ ಎಲ್ಲಾ ಸವೆಯೋ ಐಟಂ" ಅಂದ. ಆಮೇಲೆ, ಇದು ನನಗೆ ಮರೆಯುವುದಿಲ್ಲ, "ಸೈಕಲ್ ಚಲೋ ಐತ್ರೀ ಸರ್. ನೀವೇ ಸ್ವಲ್ಪ..." ಅಂತ ಹೇಳಿ ಉಳಿದದ್ದನ್ನು ಕೈಯಲ್ಲಿ ತೋರಿಸಿದ. ಹೊಟ್ಟೆಯ ಮುಂದೆ ಕೈ ಸುತ್ತಿಸಿ.

ತೆಳ್ಳಗಾಗಲೆಂದೇ ಅಲ್ವಾ ಮಾರಾಯಾ ಸೈಕಲ್ ತಗೊಂಡಿದ್ದು!

ಚಕ್ರ ಬಿಚ್ಚಿಟ್ಟುಕೊಂಡರು. ಉಳಿದದ್ದನ್ನು ಬಸ್ಸಿಗೆ ಹಾಕಿಕೊಂಡು ಬಂದೆ. ಅಲ್ಲಿಂದ ಇಲ್ಲಿವರೆಗೆ ವಾಟ್ಸಾಪ್ ಸಂಸಾರ. ನಾನು ಉದ್ದಕ್ಕೆ ಬರೆದರೆ ಅಲ್ಲಿಂದ "ನೋಟೆಡ್ ಸರ್" ಮತ್ತು ಕೈ ಮುಗಿದ ಚಿತ್ರ. 12 ಗೇಜ್ ಕಡ್ಡಿ ಹಾಕಿ ಕೊಡಿ, ಅದರ ದುಡ್ಡು ಬೇಕಾದರೆ ಕೊಡುತ್ತೇನೆ ಅಂತ ಬರೆದೆ. "ಕಂಪನಿಗೆ ಕೇಳ್ತೇವಿ ಸರ್." ಮಾರುವಾಗ ಹೇಳಿದ 150 ಕೆಜಿ ಮಾತನ್ನು ಬರವಣಿಗೆಯಲ್ಲಿ ಕೊಡಿ ಅಂತ ಬರೆದೆ. ಎರಡು ನೀಲಿ ಗೆರೆ ಬಿತ್ತು. ಉತ್ತರ ಇಲ್ಲ. ಹಬ್ಬಕ್ಕೆ ಶುಭಾಶಯ ಮಾತ್ರ ತಪ್ಪದೆ ಬಂತು.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅಲ್ಲಿ ಆಗದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಅಂಗಡಿ ಹುಬ್ಬಳ್ಳಿಯಲ್ಲಿದ್ದರೂ ನಾವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, 2019ರ ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಇದನ್ನು ಅಂಗಡಿಯವರಿಗೂ ಬರೆದು ಕಳಿಸಿದೆ. "ನೋಟೆಡ್ ಸರ್."

ಈಗ ನಿಮಗೆ. ಜಾಸ್ತಿ ಉಪದೇಶ ಇಲ್ಲ.

ನಿಮ್ಮ ತೂಕ, ಬ್ಯಾಗಿನ ತೂಕ ಕೂಡಿಸಿ ಹೇಳಿ, "ಇಷ್ಟು ಭಾರಕ್ಕೆ ವಾರಂಟಿ ಉಂಟಾ" ಅಂತ ಕೇಳಿ, ಅದನ್ನು ಬಿಲ್ಲಿನ ಮೇಲೆ ಬರೆಸಿ. ಬರೆಯುವುದಿಲ್ಲ ಅಂದರೆ ಅವರ ನೀರಿನ ಬಾಟಲಿ ಅಲ್ಲೇ ಇಟ್ಟು ಎದ್ದು ಬನ್ನಿ. ಲೋಡ್ ಎಷ್ಟು ಅಂತ ಕೇಳಿದರೆ ಸಾಲದು, ಗಾಡಿ ಸೇರಿಯೋ ಬಿಟ್ಟೋ ಅಂತ ಕೇಳಿ. ಮ್ಯಾನುವಲ್ಲನ್ನು ದುಡ್ಡು ಕೊಡುವ ಮೊದಲೇ ಬಿಡಿಸಿ ನೋಡಿ. ಬ್ರೋಷರ್ ನೋಡಬೇಡಿ, ಅದರಲ್ಲಿ ಎಲ್ಲರೂ ತೆಳ್ಳಗಿರುತ್ತಾರೆ.

ಹಿಂದಿನ ಚಕ್ರದ ಕಡ್ಡಿ ದಪ್ಪ ಇರಲಿ, 36 ಇರಲಿ. ಎಣಿಸಿ, ನಾಚಿಕೆ ಬೇಡ. ಟಯರು ಅಗಲ ಇರಲಿ. ಅಗ್ಗದ ಸೈಕಲ್ಲಿನ ಮುಂದಿನ ಶಾಕ್ ಅಬ್ಸಾರ್ಬರ್ ನಮ್ಮಂಥವರು ಕೂತರೆ ಪೂರ್ತಿ ಕುಸಿದು ಅಲ್ಲೇ ಇರುತ್ತದೆ, ಅದಿಲ್ಲದ ಗಟ್ಟಿ ಫೋರ್ಕೇ ವಾಸಿ. ಘಟ್ಟದ ಮೇಲಿನವರಿಗೆ ಸಾಧ್ಯವಾದರೆ ಪೆಡಲ್ ಹತ್ತಿರ ಮೋಟಾರು ಇರುವಂಥದ್ದು ಒಳ್ಳೆಯದು, ಗೇರಿನ ಮೂಲಕ ಎಳೆಯುತ್ತದೆ, ಹಿಂದಿನ ಚಕ್ರದ ಮೇಲೆ ಮೋಟಾರಿನ ಭಾರ ಬೀಳುವುದಿಲ್ಲ. ರೇಟು ಜಾಸ್ತಿ, ಚೈನು ಬೇಗ ಸವೆಯುತ್ತದೆ. ಆದರೆ ಚೈನು ಶಿರಸಿಯಲ್ಲೇ ಸಿಗುತ್ತದೆ.

ಪಂಕ್ಚರ್ ವಿಷಯ ಯಾರೂ ಹೇಳುವುದಿಲ್ಲ. ಹಬ್ ಮೋಟಾರಿನ ಚಕ್ರ ಬಿಚ್ಚಬೇಕಾದರೆ ವೈರು ತೆಗೆಯಬೇಕು, ದೊಡ್ಡ ನಟ್ಟು ಬಿಚ್ಚಬೇಕು. ನಮ್ಮ ಪಂಕ್ಚರ್‌ನವ "ಕರೆಂಟಿನದ್ದು ನಾನು ಮುಟ್ಟೋದಿಲ್ಲ" ಅಂದುಬಿಟ್ಟ. ಕೊನೆಗೆ ಚಕ್ರ ಬಿಚ್ಚದೆ ಒಂದು ಕಡೆಯಿಂದ ಟ್ಯೂಬ್ ಹೊರಗೆಳೆದು ಪ್ಯಾಚ್ ಹಾಕಿಸಿದೆ, ಹಾಗೆ ಆಗುತ್ತದೆ.

ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಏರಿನ ಕಾಟ ಕಡಿಮೆ ಇರಬಹುದು, ಆದರೆ ಉಪ್ಪು ಗಾಳಿ ಬಿಡುವುದಿಲ್ಲ. ನಮ್ಮ ಭಾವ ಕಾರವಾರದ ಕೋಡಿಬಾಗದಲ್ಲಿದ್ದಾರೆ. ಅವರ ಮಾಮೂಲಿ ಸೈಕಲ್ಲಿನ ಕಡ್ಡಿಯೇ ಒಂದು ಮಳೆಗಾಲಕ್ಕೆ ಕೆಂಪಾಗಿದೆ. ಸ್ಟೇನ್‌ಲೆಸ್ ಕಡ್ಡಿ ಕೇಳಿ ತಗೊಳ್ಳಿ. ಬ್ಯಾಟರಿ ಮೇಲೆ ಐಪಿ 67 (ನೀರು, ಧೂಳು ಒಳಗೆ ಹೋಗುವುದಿಲ್ಲ ಅನ್ನುವ ಗುರುತು) ಅಂತ ಸ್ಟಿಕ್ಕರ್ ಇದ್ದರೆ ಅದು ಬ್ಯಾಟರಿಗೆ ಮಾತ್ರವೋ, ಡಿಸ್‌ಪ್ಲೇ ಮತ್ತು ವೈರಿನ ಜಾಯಿಂಟಿಗೂ ಉಂಟೋ ಅಂತಲೂ ಕೇಳಿ.

ಇಷ್ಟು ಬರೆದು ಮುಗಿಸುವಾಗ ವಾಟ್ಸಾಪ್ ಟಣ್ ಅಂತು. ಚಕ್ರದ ಸುದ್ದಿ ಇರಬೇಕು ಅಂತ ನೋಡಿದೆ. "ಸರ್, ನಮ್ಮಲ್ಲಿ ಹೊಸಾ ಫ್ಯಾಟ್ ಟಯರ್ ಮಾಡೆಲ್ ಬಂದೈತ್ರೀ. 180 ಕೆಜಿ ಲೋಡ್. ನಿಮ್ಮ ಹಳೇದು ಎಕ್ಸ್‌ಚೇಂಜ್ ಮಾಡ್ತೀರೇನ್ರೀ?"

ಗಾಡಿ ಸೇರಿಯೋ ಬಿಟ್ಟೋ ಅಂತ ಕೇಳಿದ್ದೇನೆ. ನೀಲಿ ಗೆರೆ ಬಿದ್ದಿದೆ.