ದೋಸೆಗೆ ಪೂರ್ತಿ ಅಂಕ, ಬಿಲ್ಲಿಗೆ ಕಡಿಮೆ

ದಾವಣಗೆರೆ ಹಳೇಪೇಟೆ ಕಡೆಯ ಸಣ್ಣ ಬೆಣ್ಣೆ ದೋಸೆ ಹೋಟೆಲ್ಲು. ಆರೇ ಟೇಬಲ್ಲು. ದೂರೂ ಇರುವುದರಿಂದ ಹೆಸರು ಬೇಡ.

ದೋಸೆ ಬಗ್ಗೆ ಮಾತೇ ಇಲ್ಲ. ಸೌದೆ ಒಲೆ, ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟು, ಅಂಚು ಗರಿಗರಿ, ನಡುವೆ ಮೆತ್ತಗೆ. ಬಿಳಿ ಆಲೂಗಡ್ಡೆ ಪಲ್ಯ ಎರಡನೇ ಸಲ ಕೇಳಿದರೂ ಮುಖ ಸಿಂಡರಿಸದೆ ಹಾಕುತ್ತಾರೆ. ಚಟ್ನಿ ಮಾತ್ರ ತೀರಾ ನೀರು.

ತಕರಾರು ಬಿಲ್ಲಿನದು. 60 ರೂಪಾಯಿಯ ಬೆಣ್ಣೆ ದೋಸೆ ಮೂರು, ಅದರಲ್ಲಿ ಒಂದು ಅತ್ತೆಗೆ ಪಾರ್ಸೆಲ್. 45ರ ಖಾಲಿ ದೋಸೆ ಒಂದು. ಪಾರ್ಸೆಲ್‌ಗೆ 5 ಜಾಸ್ತಿ. ಸಪ್ಲೈಯರ್ ನಿಂತಲ್ಲೇ ‘230’ ಅಂತ ಕೂಗಿದ. ಹೊಸ ಬಿಲ್ಲಿಂಗ್ ಮಿಷನ್ 245 ಅಂದಿತು. ಗಲ್ಲಾದಲ್ಲಿದ್ದವರು ‘ಮಿಷನ್ ಕೆಟ್ಟಿದೆ ಮೇಡಂ’ ಅಂತ ಪೇಪರ್ ರೋಲ್ ತೆಗೆದು ಉಫ್ ಅಂತ ಊದಿದರು!

ನಾನು ಕಾಲೇಜಿನಲ್ಲಿ ಸೈಕಾಲಜಿ ಪಾಠ ಮಾಡುವವಳು, ನಗು ತಡೆಯಲಾಗಲಿಲ್ಲ. ಕಣ್ಣು ಮತ್ತು ಮಿದುಳು ಹೇಗೆ ನೋಡುತ್ತವೆ ಅಂತ ಕೆಲಸ ಮಾಡಿದ ಡೇವಿಡ್ ಮಾರ್ ಅಂತ ಒಬ್ಬರಿದ್ದರು. 1980ರಲ್ಲಿ, 35ನೇ ವಯಸ್ಸಿಗೇ ತೀರಿಕೊಂಡರು. ಅವರು ಉದಾಹರಣೆಗೆ ಹಿಡಿದದ್ದೂ ಅಂಗಡಿಯ ಬಿಲ್ ಮಿಷನ್ನನ್ನೇ. ಅದನ್ನು ಮೂರು ಮಟ್ಟದಲ್ಲಿ ಕೇಳಬೇಕು ಅಂದರು. ಏನು ಲೆಕ್ಕ, ಅದೇ ಲೆಕ್ಕ ಯಾಕೆ? ಯಾವ ದಾರಿಯಲ್ಲಿ? ಯಾವ ವಸ್ತುವಿನಲ್ಲಿ? ಬಿಲ್ಲಿಗೆ ಕೂಡುವ ಲೆಕ್ಕವೇ ಯಾಕೆ ಅಂದರೆ, ಏನೂ ಕೊಳ್ಳದವರು ಏನೂ ಕೊಡಬಾರದು. ದೋಸೆಯನ್ನು ಯಾವ ಕ್ರಮದಲ್ಲಿ ಬರೆದರೂ ಮೊತ್ತ ಬದಲಾಗಬಾರದು. ಅಷ್ಟನ್ನು ಸಪ್ಲೈಯರ್ ತಲೆಯಲ್ಲಿ ಮಾಡುತ್ತಾನೆ, ಮಿಷನ್ ಚಿಪ್ಪಿನಲ್ಲಿ ಮಾಡುತ್ತದೆ.

ಇಲ್ಲಿ ಚಿಪ್ಪೂ ಸರಿ, ಕೂಡಿದ್ದೂ ಸರಿ. ಪಾರ್ಸೆಲ್‌ನ 5 ರೂಪಾಯಿಯನ್ನು ನಾಲ್ಕೂ ದೋಸೆಗೆ ಹಾಕುವ ಹಾಗೆ ಯಾರೋ ಅದಕ್ಕೆ ಹೇಳಿಕೊಟ್ಟಿದ್ದರು. ಅದಕ್ಕೆ ರೋಲ್ ಊದಿದರೆ ಏನಾಗುತ್ತೆ? ಮಿದುಳಿನ ಸ್ಕ್ಯಾನ್‌ನಲ್ಲಿ ಒಂದು ಜಾಗ ಬೆಳಗಿದ್ದು ನೋಡಿ ‘ಅರ್ಥ ಆಯ್ತು ಮಿಸ್’ ಅನ್ನುವ ನನ್ನ ಹುಡುಗರೂ ಹೀಗೇ ಊದುವವರು.

ಹಾಗಂತ ದಾರಿ, ವಸ್ತು ಅನ್ನುವ ಕೆಳಗಿನ ಮಟ್ಟಗಳು ಸುಮ್ನೆ ಅಲ್ಲ. ಭಾನುವಾರ ಜನ ನುಗ್ಗಿದರೆ ಸಪ್ಲೈಯರ್ ಕಾಫಿ ಸೇರಿಸುವುದನ್ನು ಮರೆಯುತ್ತಾನೆ, ಮಿಷನ್ ಮರೆಯಲ್ಲ. ತಪ್ಪಿನ ಬಗೆ ನೋಡಿಯೇ ಒಳಗಿನ ದಾರಿ ಊಹಿಸಬಹುದು, ಅಲ್ವಾ?

15 ರೂಪಾಯಿ ವಾಪಸ್ ಬಂತು. ಬೆಳಿಗ್ಗೆ 9ರೊಳಗೆ ಹೋಗಿ, ಬೆಣ್ಣೆ ಧಾರಾಳ ಹಾಕುತ್ತಾರೆ. ಗಲ್ಲಾಕ್ಕೆ ಹೋಗುವ ಮೊದಲು ಸಪ್ಲೈಯರ್ ಹತ್ತಿರ ಮೊತ್ತ ಕೇಳಿಕೊಳ್ಳಿ.